ಅಪ್‌ಡೇಟ್: ವೈಫೈ ಬಂತು, ತಪ್ಪು ನಂದೇ

ಹೋದ ವಾರ ಕೇಳಿದ್ನಲ್ಲ, ನಾನೇ ಕಂಪೈಲ್ ಮಾಡಿದ ಲಿನಕ್ಸ್ ಕರ್ನಲ್‌ನಲ್ಲಿ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಲ್ಯಾಪ್‌ಟಾಪ್ ಬೂಟ್ ಆಗತ್ತೆ ಆದ್ರೆ ವೈಫೈ ಇಲ್ಲ, ಡಿಸ್ಟ್ರೋ (ರೆಡಿಮೇಡ್ ಲಿನಕ್ಸ್) ಜೊತೆ ಬಂದ ಕರ್ನಲ್‌ನಲ್ಲಿ ಮಾತ್ರ ಸರಿ ಇದೆ ಅಂತ, ಅದು ಸಾಲ್ವ್ ಆಯ್ತು.

ಎಲ್‌ಎಸ್‌ಪಿಸಿಐ (ಒಳಗಿರೋ ಕಾರ್ಡ್‌ಗಳ ಪಟ್ಟಿ ತೋರ್ಸೋ ಕಮಾಂಡ್) ನೋಡು ಅಂದ್ರಿ, ನೋಡ್ದೆ, ಕಾರ್ಡ್ ಕಾಣ್ತಿತ್ತು ಆದ್ರೆ 'ಡ್ರೈವರ್ ಇನ್ ಯೂಸ್' ಸಾಲೇ ಇರ್ಲಿಲ್ಲ. ಡ್ರೈವರ್ ಸೇರೇ ಇಲ್ಲ ಅನ್ಕೊಂಡು ಎರಡು ಸಲ ಸುಮ್ನೆ ಮತ್ತೆ ಬಿಲ್ಡ್ ಮಾಡ್ದೆ (ಒಂದೊಂದಕ್ಕೂ ಮುಕ್ಕಾಲು ಗಂಟೆ, ಫ್ಯಾನ್ ಸೌಂಡಿಗೆ ಅಮ್ಮ ಎದ್ದು ಬಂದ್ರು). ಡಿಮೆಸೇಜ್ (ಕರ್ನಲ್ ಬರೆಯೋ ಲಾಗ್) ಮೊದ್ಲೇ ಓದಿದ್ರೆ ಮುಗೀತಿತ್ತು, ಫರ್ಮ್‌ವೇರ್ (ಕಾರ್ಡ್ ಒಳಗೆ ಓಡೋ ಪುಟ್ಟ ಸಾಫ್ಟ್‌ವೇರ್) ಲೋಡ್ ಆಗ್ಲಿಲ್ಲ, ಎರರ್ -2 ಅಂತ ಕೆಂಪಗೆ ಬರೆದಿತ್ತು. -2 ಅಂದ್ರೆ ಫೈಲೇ ಸಿಗ್ಲಿಲ್ಲ ಅಂತ, ಆದ್ರೆ ಫೈಲು ಫರ್ಮ್‌ವೇರ್ ಫೋಲ್ಡರ್‌ನಲ್ಲಿ ಆರಾಮಾಗಿ ಕೂತಿದೆ!

ಆಗಿದ್ದೇನಂದ್ರೆ ಮೆನುಕಾನ್ಫಿಗ್‌ನಲ್ಲಿ (ಕರ್ನಲ್‌ಗೆ ಏನೇನು ಬೇಕು ಅಂತ ಆರ್ಸೋ ಮೆನು) ವೈಫೈ ಡ್ರೈವರ್‌ಗೆ ಎಂ (ಬೇಕಾದಾಗ ಲೋಡ್ ಆಗೋ ಬೇರೆ ಮಾಡ್ಯೂಲ್) ಹಾಕೋ ಬದ್ಲು ಸ್ಟಾರ್ ಒತ್ತಿದ್ದೆ, ಅಂದ್ರೆ ಡ್ರೈವರ್ ಕರ್ನಲ್ ಒಳಗೇ ಬಿಲ್ಟ್-ಇನ್, ಅದು ರೂಟ್ ಪಾರ್ಟಿಷನ್ (ಸಿಸ್ಟಮ್ ಫೈಲುಗಳಿರೋ ಡಿಸ್ಕ್ ಭಾಗ) ಮೌಂಟ್ ಆಗೋಕ್, ಅಂದ್ರೆ ಓದೋಕೆ ಸಿಗೋಕ್, ಮುಂಚೆನೇ ಎದ್ದು ಫೈಲ್ ಹುಡ್ಕತ್ತೆ, ಆಗ ಡಿಸ್ಕೇ ಇಲ್ಲ, ಇನಿಟ್‌ರಾಮ್‌ಎಫ್‌ಎಸ್ಸೂ (ಬೂಟ್ ಶುರುವಲ್ಲೇ ಮೆಮರಿಗೆ ಬರೋ ಪುಟ್ಟ ಫೈಲ್‌ಸಿಸ್ಟಮ್) ನಾನು ಇಟ್ಟಿರ್ಲಿಲ್ಲ. ಎಂ ಮಾಡಿ ಮಾಡ್ಯೂಲ್ಸ್ ಇನ್‌ಸ್ಟಾಲ್ ಕೊಟ್ಟೆ. ನೋಡಿದ್ರೆ ಮತ್ತೆ ಅದೇ -2!

ಈ ಸಲ ಫೈಲ್ ಹೆಸರು ಸರಿಯಾಗಿ ನೋಡ್ದೆ, ಕೊನೇಲಿ ಝಡ್‌ಎಸ್‌ಟಿ ಇದೆ, ಡಿಸ್ಟ್ರೋದೋರು ಜಾಗ ಉಳ್ಸೋಕೆ ಕಂಪ್ರೆಸ್ ಮಾಡಿಟ್ಟಿದಾರೆ, ನನ್ನ ಕರ್ನಲ್‌ನಲ್ಲಿ ಕಂಪ್ರೆಸ್ಡ್ ಫರ್ಮ್‌ವೇರ್ ಓದೋ ಆಪ್ಷನ್ನೇ ಆಫ್. ಫರ್ಮ್‌ವೇರ್ ಲೋಡರ್ ಮೆನುನಲ್ಲಿ ಅದನ್ನ ಆನ್ ಮಾಡಿದ್ಮೇಲೆ ಬಂತು. ಬ್ಲೂಟೂತೂ ಅದ್ರ ಜೊತೆಗೇ ಸರಿಹೋಯ್ತು, ಅದು ಕೆಟ್ಟಿದ್ದೇ ನಂಗೆ ಗೊತ್ತಿರ್ಲಿಲ್ಲ.

ಡಿಮೆಸೇಜ್ ಹಾಕು ಅಂತ ಮೂರು ಸಲ ಹೇಳಿದ್ರಲ್ಲ, ಅವ್ರಿಗೆ ಸಾರಿ, ಥ್ಯಾಂಕ್ಸ್.