ಡೆಬಿಯನ್‌ನಲ್ಲಿ ವಿಡಿಯೋ ಹಾರ್ಡ್‌ವೇರ್ ವೇಗವರ್ಧನೆ: ಕೈಪಿಡಿಯ ಅಧ್ಯಾಯವನ್ನು ಯಾವ ಕ್ರಮದಲ್ಲಿ ಬರೆಯಬೇಕು?

ಪ್ರಶ್ನೆ (ಕರಡುಪ್ರತಿ)

ಡೆಬಿಯನ್ ಎಂಬ ಲಿನಕ್ಸ್ ವಿತರಣೆಯ 12 ಮತ್ತು 13ನೇ ಆವೃತ್ತಿಗಳನ್ನು ಬಳಸುವ ಕನ್ನಡ ಓದುಗರಿಗಾಗಿ ಸಿದ್ಧವಾಗುತ್ತಿರುವ ಕೈಪಿಡಿಯಲ್ಲಿ, ವಿಡಿಯೋ ಡಿಕೋಡಿಂಗ್ (ಸಂಕುಚಿತ ವಿಡಿಯೋವನ್ನು ಬಿಡಿಸುವ) ಹೊರೆಯನ್ನು ಪ್ರೊಸೆಸರ್‌ನಿಂದ ಗ್ರಾಫಿಕ್ಸ್ ಚಿಪ್‌ಗೆ ದಾಟಿಸುವ ಬಗ್ಗೆ ಒಂದು ಅಧ್ಯಾಯವಿದೆ. ಸದ್ಯದ ಕರಡು ಇಂಟೆಲ್, ಎಎಂಡಿ, ಎನ್ವಿಡಿಯಾ ಎಂದು ಮೂರು ಭಾಗವಾಗಿದ್ದು, ಪ್ರತಿ ಭಾಗದಲ್ಲೂ ಹಾಕಿಕೊಳ್ಳಬೇಕಾದ ಪ್ಯಾಕೇಜ್‌ನ ಹೆಸರಷ್ಟೇ ಇದೆ. ಇದನ್ನು ಓದಿ ಪ್ರಯೋಗಿಸಿದ ಇಬ್ಬರ ಅನುಭವ ಬೇರೆ ಬೇರೆಯಾಗಿದೆ. ಇಂಟೆಲ್‌ನ ನಾಲ್ಕನೇ ತಲೆಮಾರಿನ ಹ್ಯಾಸ್ವೆಲ್ ಲ್ಯಾಪ್‌ಟಾಪ್‌ನಲ್ಲಿ ಇಂಟೆಲ್-ಮೀಡಿಯಾ-ವಿಎ-ಡ್ರೈವರ್ ಹಾಕಿದ ಮೇಲೂ ಡ್ರೈವರ್ ಯಾವ ವಿಡಿಯೋ ಕೆಲಸಗಳನ್ನು ಮಾಡಬಲ್ಲದೆಂದು ಪಟ್ಟಿ ಮಾಡುವ ವಿಎಇನ್ಫೋ ಆಜ್ಞೆಯು ಡ್ರೈವರ್ ತೆರೆಯಲಾಗಲಿಲ್ಲವೆಂದು ಹೇಳಿ ನಿಲ್ಲುತ್ತದೆ. ಆರನೇ ತಲೆಮಾರಿನ ಸ್ಕೈಲೇಕ್ ಯಂತ್ರದಲ್ಲಿ ಅದೇ ಆಜ್ಞೆ ಉದ್ದನೆಯ ಪಟ್ಟಿಯನ್ನೇ ಕೊಡುತ್ತದೆ, ಆದರೂ ಬ್ರೌಸರಿನಲ್ಲಿ ಯೂಟ್ಯೂಬ್ ಹಚ್ಚಿದರೆ ಪ್ರೊಸೆಸರ್ ಬಿಸಿಯೇರಿ ಫ್ಯಾನ್ ಸದ್ದು ಮಾಡುವುದು ನಿಂತಿಲ್ಲ. ತಯಾರಕರ ಹೆಸರಿನ ಮೇಲೆ ಅಧ್ಯಾಯವನ್ನು ವಿಂಗಡಿಸುವುದು ಸರಿಯೇ, ಅಥವಾ ಬೇರೆ ಕ್ರಮವಿದೆಯೇ ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ಕೋರುತ್ತೇನೆ.

ಉತ್ತರ 1 (ಹಳೆಯಲ್ಯಾಪ್‌ಟಾಪ್)

ನೀವು ಹೇಳಿದ ಎರಡೂ ಯಂತ್ರಗಳಲ್ಲಿ ಕೆಟ್ಟಿರುವುದು ಏನೂ ಇಲ್ಲ. ಕರಡು ಚಿಪ್‌ನ ತಲೆಮಾರನ್ನು ಕೇಳದೆ ಪ್ಯಾಕೇಜ್ ಸೂಚಿಸಿದೆ, ಅಷ್ಟೇ. ಇಂಟೆಲ್-ಮೀಡಿಯಾ-ವಿಎ-ಡ್ರೈವರ್ ಪ್ಯಾಕೇಜ್‌ನಲ್ಲಿರುವ, ಐಎಚ್‌ಡಿ ಎಂದು ಕರೆಯಲಾಗುವ ಹೊಸ ಇಂಟೆಲ್ ಡ್ರೈವರ್ ಬ್ರಾಡ್‌ವೆಲ್‌ನಿಂದ, ಅಂದರೆ ಐದನೇ ತಲೆಮಾರಿನಿಂದ ಈಚಿನವುಗಳಿಗೆ ಮಾತ್ರ. ಹ್ಯಾಸ್ವೆಲ್‌ಗೆ ಬೇಕಾದದ್ದು ಹಳೆಯ ಐ965-ವಿಎ-ಡ್ರೈವರ್. ಸ್ಕೈಲೇಕ್‌ನಲ್ಲಿ ಡ್ರೈವರ್ ಸರಿಯಾಗಿಯೇ ಇದೆ. ಆದರೆ ಆ ಚಿಪ್‌ನೊಳಗೆ ಎಚ್.264 ಮತ್ತು 8 ಬಿಟ್‌ನ ಎಚ್‌ಇವಿಸಿ ಎಂಬ ಕೋಡೆಕ್‌ಗಳನ್ನು (ವಿಡಿಯೋ ಸಂಕುಚಿಸುವ ವಿಧಾನಗಳನ್ನು) ಬಿಡಿಸುವ ಸರ್ಕ್ಯೂಟ್ ಇದೆಯೇ ಹೊರತು ವಿಪಿ9 ಎಂಬ ಇನ್ನೊಂದು ಕೋಡೆಕ್ ಅನ್ನು ಪೂರ್ತಿಯಾಗಿ ಬಿಡಿಸುವ ಸರ್ಕ್ಯೂಟ್ ಇಲ್ಲ. ಅದು ಬಂದದ್ದು ಮುಂದಿನ ಕೇಬಿಲೇಕ್‌ನಲ್ಲಿ. ಎವಿ1 ಎಂಬ ಇನ್ನೂ ಹೊಸ ಕೋಡೆಕ್‌ನ ಸರ್ಕ್ಯೂಟ್ ಬರಲು 2020ರ ಟೈಗರ್‌ಲೇಕ್‌ವರೆಗೆ ಕಾಯಬೇಕಾಯಿತು. ಯೂಟ್ಯೂಬ್ ಬ್ರೌಸರಿಗೆ ಸಾಮಾನ್ಯವಾಗಿ ವಿಪಿ9 ಅಥವಾ ಎವಿ1 ಅನ್ನೇ ಕಳುಹಿಸುವುದರಿಂದ, ಸ್ಕೈಲೇಕ್‌ನಲ್ಲಿ ಆ ಕೆಲಸ ಪ್ರೊಸೆಸರ್‌ನ ಹೆಗಲಿಗೇ ಬೀಳುತ್ತದೆ. ಎಚ್.264 ಅನ್ನೇ ಕೇಳಿ ಪಡೆಯುವ ಬ್ರೌಸರ್ ವಿಸ್ತರಣೆಯೊಂದನ್ನು ಹಾಕಿಕೊಂಡರೆ ಹೊರೆ ಇಳಿಯುವುದು ಕೂಡಲೇ ಕಾಣುತ್ತದೆ.

ಆದ್ದರಿಂದ ಅಧ್ಯಾಯವನ್ನು ತಯಾರಕರ ಹೆಸರಿನಿಂದಲ್ಲ, ಮೂರು ಪ್ರಶ್ನೆಗಳಿಂದ ಆರಂಭಿಸಿ: ಈ ಕೋಡೆಕ್‌ಗೆ ಚಿಪ್‌ನಲ್ಲಿ ಸರ್ಕ್ಯೂಟ್ ಇದೆಯೇ, ಡ್ರೈವರ್ ಅದನ್ನು ಹೊರಗೆ ತೋರಿಸುತ್ತಿದೆಯೇ, ವಿಡಿಯೋ ತೋರಿಸುವ ತಂತ್ರಾಂಶ ಅದನ್ನು ಬಳಸುತ್ತಿದೆಯೇ? ಪ್ಯಾಕೇಜ್‌ನ ಹೆಸರು ಎರಡನೆಯ ಪ್ರಶ್ನೆಗೆ ಮಾತ್ರ ಉತ್ತರ. ರೋಗವೇನೆಂದು ಕೇಳದೆ ಮಾತ್ರೆ ಬರೆದುಕೊಟ್ಟಂತಹ ಕೈಪಿಡಿಗಳು ಅಂತರ್ಜಾಲದಲ್ಲಿ ಈಗಾಗಲೇ ಸಾಕಷ್ಟಿವೆ.

ವಿಎಇನ್ಫೋ ಕೊಡುವ ಪಟ್ಟಿಯನ್ನು ಓದುವ ಬಗೆಯನ್ನೂ ದಯವಿಟ್ಟು ವಿವರಿಸಿ. ಪ್ರತಿ ಸಾಲಿನ ಎಡಭಾಗದಲ್ಲಿ ಕೋಡೆಕ್‌ನ ಪ್ರೊಫೈಲ್ ಇರುತ್ತದೆ, ಬಲಭಾಗದಲ್ಲಿ ಎಂಟ್ರಿಪಾಯಿಂಟ್ ಇರುತ್ತದೆ. ಬಲಭಾಗದ ಹೆಸರು ವಿಎಲ್‌ಡಿ ಎಂದು ಮುಗಿದಿದ್ದರೆ ಅದು ಡಿಕೋಡಿಂಗ್. ಎನ್ಕ್‌ಸ್ಲೈಸ್ ಎಂದಿದ್ದರೆ ಅದು ಎನ್‌ಕೋಡಿಂಗ್. ಸಿನಿಮಾ ನೋಡುವವನಿಗೆ ಬೇಕಾದದ್ದು ವಿಎಲ್‌ಡಿ ಸಾಲುಗಳು ಮಾತ್ರ.

ಉತ್ತರ 2 (ಸರ್ವರ್‌ಕೋಣೆ)

ಮೇಲಿನ ಕ್ರಮ ನನಗೂ ಒಪ್ಪಿಗೆ. ಅದಕ್ಕೆ ಡೆಬಿಯನ್‌ಗೇ ವಿಶಿಷ್ಟವಾದ ಎರಡು ಸಂಗತಿಗಳನ್ನು ಸೇರಿಸಬೇಕು.

ಮೊದಲನೆಯದು ಪ್ಯಾಕೇಜ್ ಭಂಡಾರದ ವಿಭಾಗಗಳ ಗೊಂದಲ. 2023ರಲ್ಲಿ ಬಂದ ಡೆಬಿಯನ್ 12ರಿಂದ ಫರ್ಮ್‌ವೇರ್‌ಗಾಗಿಯೇ (ಚಿಪ್‌ನೊಳಗೆ ತುಂಬುವ ತಂತ್ರಾಂಶಕ್ಕಾಗಿಯೇ) ನಾನ್-ಫ್ರೀ-ಫರ್ಮ್‌ವೇರ್ ಎಂಬ ಪ್ರತ್ಯೇಕ ವಿಭಾಗವಿದೆ. ಎಎಂಡಿ ಕಾರ್ಡ್‌ಗಳಿಗೆ ಬೇಕಾದ ಫರ್ಮ್‌ವೇರ್-ಎಎಂಡಿ-ಗ್ರಾಫಿಕ್ಸ್ ಅಲ್ಲಿ ಸಿಗುತ್ತದೆ. ಆದರೆ ಇಂಟೆಲ್ ಮೀಡಿಯಾ ಡ್ರೈವರ್‌ನ ನಾನ್-ಫ್ರೀ ಆವೃತ್ತಿ ಇರುವುದು ಹಳೆಯ ನಾನ್-ಫ್ರೀ ವಿಭಾಗದಲ್ಲೇ. ಒಂದನ್ನು ಸೇರಿಸಿಕೊಂಡರೆ ಇನ್ನೊಂದೂ ಬಂತೆಂದು ಓದುಗರು ಭಾವಿಸುವುದು ಸಹಜ. ಅಂದಹಾಗೆ, ಬರೀ ವಿಡಿಯೋ ನೋಡುವವರಿಗೆ ಸಾಮಾನ್ಯವಾಗಿ ಮುಖ್ಯ ವಿಭಾಗದ ಮುಕ್ತ ಆವೃತ್ತಿಯೇ ಸಾಕು. ನಾನ್-ಫ್ರೀ ಆವೃತ್ತಿಯ ಹೆಚ್ಚುವರಿ ಭಾಗಗಳು ಮುಖ್ಯವಾಗಿ ಉಪಯೋಗಕ್ಕೆ ಬರುವುದು ಎನ್‌ಕೋಡಿಂಗ್‌ಗೆ.

ಎರಡನೆಯದು ಅನುಮತಿ. ಡೆಸ್ಕ್‌ಟಾಪ್ ಮುಂದೆ ಕುಳಿತು ಲಾಗಿನ್ ಆದವರಿಗೆ ರೆಂಡರ್‌ಡಿ128 ಎಂಬ ಸಾಧನ ಕಡತವನ್ನು ಬಳಸುವ ಹಕ್ಕು ತಾನಾಗಿಯೇ ದೊರೆಯುತ್ತದೆ. ದೂರದಿಂದ ಎಸ್‌ಎಸ್‌ಎಚ್ ಮೂಲಕ ಬಂದವರಿಗೆ, ಅಥವಾ ಮನೆಯ ಮೀಡಿಯಾ ಸರ್ವರ್ ಓಡಿಸುವ ಪ್ರತ್ಯೇಕ ಬಳಕೆದಾರ ಖಾತೆಗೆ ಅದು ಸಿಗುವುದಿಲ್ಲ. ಆ ಖಾತೆಯನ್ನು ರೆಂಡರ್ ಗುಂಪಿಗೆ ಸೇರಿಸಬೇಕು. ಡೆಸ್ಕ್‌ಟಾಪ್‌ನಲ್ಲಿ ಕೆಲಸ ಮಾಡಿದ್ದು ಸರ್ವರ್‌ನಲ್ಲಿ ಮಾಡುತ್ತಿಲ್ಲವೆಂಬ ದೂರಿನ ಹಿಂದೆ ಬಹಳಷ್ಟು ಸಲ ಇದೇ ಇರುತ್ತದೆ. ಇಂಟೆಲ್ ಮತ್ತು ಎನ್ವಿಡಿಯಾ ಎರಡೂ ಇರುವ ಲ್ಯಾಪ್‌ಟಾಪ್‌ಗಳಲ್ಲಿ 128 ಯಾವುದು, 129 ಯಾವುದು ಎಂಬುದು ಬದಲಾಗಬಹುದಾದ್ದರಿಂದ, ಬೈ-ಪಾತ್ ಉಪಕೋಶದ ಹೆಸರುಗಳನ್ನು ನೋಡಿ ಗುರುತಿಸುವಂತೆ ತಿಳಿಸಿ.

ಉತ್ತರ 3 (ಪುಟತಿದ್ದುವವ)

ನನ್ನ ಆಕ್ಷೇಪಣೆ ಬೇರೆ ಕಡೆಗಿದೆ. ಇಂತಹ ಅಧ್ಯಾಯಗಳು ತಪ್ಪು ಮಾಹಿತಿಯಿಂದ ಕೆಡುವುದಕ್ಕಿಂತ ಹಳಸಿದ ಮಾಹಿತಿಯಿಂದ ಕೆಡುವುದೇ ಹೆಚ್ಚು. ಫೈರ್‌ಫಾಕ್ಸ್‌ನ ಅಬೌಟ್-ಕಾನ್ಫಿಗ್ ಪುಟದಲ್ಲಿ ನಾಲ್ಕಾರು ಆಯ್ಕೆಗಳನ್ನು ತಿರುಗಿಸಬೇಕೆಂಬ ಸಲಹೆ ಇಂದಿಗೂ ಎಲ್ಲೆಡೆ ಓಡಾಡುತ್ತಿದೆ. 2023ರ 115ನೇ ಆವೃತ್ತಿಯಿಂದ ಲಿನಕ್ಸ್ ಮೇಲಿನ ಇಂಟೆಲ್ ಗ್ರಾಫಿಕ್ಸ್‌ಗೆ ಹಾರ್ಡ್‌ವೇರ್ ಡಿಕೋಡಿಂಗ್ ಮೊದಲೇ ಚಾಲೂ ಆಗಿರುತ್ತದೆ. ತಿರುಗಿಸುವ ಬದಲು ಅಬೌಟ್-ಸಪೋರ್ಟ್ ಪುಟದ ಕೋಡೆಕ್ ಕೋಷ್ಟಕವನ್ನು ನೋಡಲು ಹೇಳಿ.

ಲಿಬ್‌ವಿಎ-ಡ್ರೈವರ್-ನೇಮ್ ಎಂಬ ಪರಿಸರ ಚರವನ್ನು ವ್ಯವಸ್ಥೆಯ ಕಡತದಲ್ಲಿ ಶಾಶ್ವತವಾಗಿ ಬರೆದಿಡುವಂತೆ ಮಾತ್ರ ಸರ್ವಥಾ ಸೂಚಿಸಬೇಡಿ. ಲಿಬ್‌ವಿಎ, ಅಂದರೆ ತಂತ್ರಾಂಶ ಮತ್ತು ವಿಡಿಯೋ ಡ್ರೈವರ್ ನಡುವಿನ ಲೈಬ್ರರಿ, ಸಾಮಾನ್ಯವಾಗಿ ಸರಿಯಾದ ಡ್ರೈವರನ್ನು ತಾನೇ ಆರಿಸುತ್ತದೆ. ಅಲ್ಲಿ ಐಎಚ್‌ಡಿ ಎಂದು ಬರೆದಿಟ್ಟು, ಮುಂದೆ ಆ ಡಿಸ್ಕನ್ನು ಎಎಂಡಿ ಯಂತ್ರಕ್ಕೆ ಹಾಕಿದವರು ಕಾರಣ ಹುಡುಕುತ್ತಾ ಇಡೀ ದಿನ ಕಳೆಯುತ್ತಾರೆ. ಪರೀಕ್ಷೆಗಾಗಿ ಒಂದು ಆಜ್ಞೆಯ ಮುಂದೆ ಮಾತ್ರ ಬಳಸುವುದಕ್ಕೆ ಅಡ್ಡಿಯಿಲ್ಲ.

ಡೆಬಿಯನ್‌ಗೆ ಬರೆದದ್ದನ್ನು ಬೇರೆ ವಿತರಣೆಗಳಿಗೂ ಅನ್ವಯಿಸುತ್ತದೆಂದು ಹೇಳಲು ಹೋಗಬೇಡಿ. 2022ರಲ್ಲಿ ಫೆಡೋರಾ, ಪೇಟೆಂಟ್ ಕಾರಣಕ್ಕೆ, ತನ್ನ ಮೆಸಾ ಎಂಬ ಗ್ರಾಫಿಕ್ಸ್ ಡ್ರೈವರ್ ಪ್ಯಾಕೇಜ್‌ನಿಂದ ಎಚ್.264 ಮತ್ತು ಎಚ್‌ಇವಿಸಿ ವೇಗವರ್ಧನೆಯನ್ನು ತೆಗೆದುಹಾಕಿತು. ಅಲ್ಲಿನ ಎಎಂಡಿ ಬಳಕೆದಾರರು ಆರ್‌ಪಿಎಂ ಫ್ಯೂಷನ್ ಭಂಡಾರದ ಫ್ರೀವರ್ಲ್ಡ್ ಪ್ಯಾಕೇಜ್ ಹಾಕಿಕೊಳ್ಳಬೇಕಾಗುತ್ತದೆ. ಅದೇ ಕಾರ್ಡ್, ಅದೇ ಡ್ರೈವರ್, ಆದರೂ ವಿಎಇನ್ಫೋ ಪಟ್ಟಿ ಬೇರೆ. ಪ್ರತಿ ಭಾಗದ ಕೆಳಗೂ ಯಾವ ಆವೃತ್ತಿಯಲ್ಲಿ, ಯಾವ ಚಿಪ್‌ನ ಮೇಲೆ, ಯಾವಾಗ ಪರೀಕ್ಷಿಸಿದ್ದೆಂದು ಒಂದು ಸಾಲು ಇರಲಿ.

ಪ್ರಶ್ನೆ ಕೇಳಿದವರು (ಕರಡುಪ್ರತಿ)

ಎಲ್ಲರಿಗೂ ಧನ್ಯವಾದಗಳು. ಹ್ಯಾಸ್ವೆಲ್ ಯಂತ್ರದಲ್ಲಿ ಐ965 ಹಾಕಿದ ಕೂಡಲೇ ಎಚ್.264ರ ವಿಎಲ್‌ಡಿ ಸಾಲುಗಳು ಕಾಣಿಸಿಕೊಂಡವು. ಒಂದು ಸಂದೇಹ ಉಳಿದಿದೆ: ಮೂರನೆಯ ಪ್ರಶ್ನೆಗೆ, ಅಂದರೆ ತಂತ್ರಾಂಶ ನಿಜಕ್ಕೂ ಚಿಪ್ಪನ್ನು ಬಳಸುತ್ತಿದೆಯೇ ಎಂಬುದಕ್ಕೆ, ಓದುಗರು ಕಣ್ಣಾರೆ ನೋಡಬಹುದಾದ ಪುರಾವೆ ಯಾವುದು? ಪ್ರೊಸೆಸರ್ ಬಳಕೆಯ ಶೇಕಡಾವಾರು ನೋಡಿ ಊಹಿಸಿ ಎನ್ನಲು ಮನಸ್ಸು ಒಪ್ಪುತ್ತಿಲ್ಲ.

ಉತ್ತರ 4 (ಹಳೆಯಲ್ಯಾಪ್‌ಟಾಪ್)

ಟರ್ಮಿನಲ್‌ನಿಂದ ಎಂಪಿವಿ ಎಂಬ ವಿಡಿಯೋ ಪ್ಲೇಯರನ್ನು ಎಚ್‌ಡಬ್ಲ್ಯೂಡೆಕ್ ಆಯ್ಕೆಗೆ ವಿಎಎಪಿಐ ಎಂಬ ಬೆಲೆ ಕೊಟ್ಟು ನಡೆಸಿದರೆ, ಹಾರ್ಡ್‌ವೇರ್ ಡಿಕೋಡಿಂಗ್ ಬಳಸುತ್ತಿರುವುದಾಗಿ ಅದು ಒಂದು ಸಾಲು ಮುದ್ರಿಸುತ್ತದೆ. ಆ ಸಾಲು ಬರದಿದ್ದರೆ ಕೆಲಸ ಪ್ರೊಸೆಸರ್‌ಗೇ ಹೋಗಿದೆ. ಬ್ರೌಸರಿಗಾದರೆ, ಇಂಟೆಲ್ ಯಂತ್ರದಲ್ಲಿ ಇಂಟೆಲ್-ಜಿಪಿಯು-ಟೂಲ್ಸ್ ಪ್ಯಾಕೇಜ್‌ನ ಇಂಟೆಲ್-ಜಿಪಿಯು-ಟಾಪ್ ಆಜ್ಞೆಯನ್ನು ರೂಟ್ ಹಕ್ಕಿನೊಂದಿಗೆ ತೆರೆದಿಟ್ಟು ವಿಡಿಯೋ ಓಡಿಸಿ. ಅಲ್ಲಿ ರೆಂಡರ್ ಸಾಲು ಏರುವುದು ಪುರಾವೆಯಲ್ಲ, ಪರದೆಯ ಮೇಲೆ ಏನು ಚಿತ್ರಿಸಿದರೂ ಅದು ಏರುತ್ತದೆ. ವಿಡಿಯೋ ಎಂಬ ಪ್ರತ್ಯೇಕ ಸಾಲು ಸೊನ್ನೆಯಿಂದ ಮೇಲೆದ್ದು, ವಿಡಿಯೋ ನಿಲ್ಲಿಸಿದಾಗ ಮತ್ತೆ ಸೊನ್ನೆಗೆ ಇಳಿದರೆ ಡಿಕೋಡಿಂಗ್ ಚಿಪ್‌ನಲ್ಲಿಯೇ ನಡೆಯುತ್ತಿದೆ.