ಅಪ್‌ಡೇಟ್: ಲೇಸಿಕ್ ಮಾಡಿಸುತ್ತಿಲ್ಲ

ಎರಡೂ ಕಣ್ಣಿಗೆ ಮೈನಸ್ ಏಳು ಪವರ್ ಇದೆ, ಲೇಸಿಕ್ (ಕನ್ನಡಕ ಬಿಡಿಸುವ ಲೇಸರ್ ಆಪರೇಷನ್) ಮಾಡಿಸಬಹುದಾ ಅಂತ ಕೇಳಿದ್ದೆನಲ್ಲ, ಪರೀಕ್ಷೆ ಮುಗಿಯಿತು.

ಕಾಂಟ್ಯಾಕ್ಟ್ ಲೆನ್ಸ್ ಕಾರ್ನಿಯಾದ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರದ, ಆಕಾರವನ್ನೇ ಸ್ವಲ್ಪ ಬದಲಿಸುತ್ತದಂತೆ. ಹಾಗಾಗಿ ಎರಡು ವಾರ ಮೊದಲೇ ನಿಲ್ಲಿಸಲು ಹೇಳಿದ್ದರು. ಆಮೇಲೆ ಕಾರ್ನಿಯಾದ ದಪ್ಪ ಅಳೆದರು. ನನ್ನದು 490 ಮೈಕ್ರಾನ್ (ಸಾವಿರ ಮೈಕ್ರಾನ್ ಅಂದರೆ ಒಂದು ಮಿಲಿಮೀಟರ್). ಸಾಮಾನ್ಯವಾಗಿ 540ರ ಆಸುಪಾಸು ಇರುತ್ತದೆ.

ಡಾಕ್ಟರ್ ಹಾಳೆಯ ಮೇಲೆ ಲೆಕ್ಕ ಬರೆದೇ ತೋರಿಸಿದರು. ಲೇಸರ್ ಬಿಡುವ ಮೊದಲು ಕಾರ್ನಿಯಾದಿಂದ ಮೇಲೆತ್ತುವ ತೆಳು ಪದರಕ್ಕೆ ಸುಮಾರು 110. ಲೇಸರ್ ಒಂದು ಪವರ್‌ಗೆ ಹೆಚ್ಚುಕಡಿಮೆ 15 ಮೈಕ್ರಾನ್ ಕರಗಿಸುತ್ತದೆ, ಏಳಕ್ಕೆ 105. ಉಳಿಯುವುದು 275. ಕನಿಷ್ಠ 250 ಇರಲೇಬೇಕು, 300 ಇದ್ದರೆ ನೆಮ್ಮದಿ. ತೀರಾ ತೆಳುವಾದರೆ ಕಾರ್ನಿಯಾ ಮುಂದಕ್ಕೆ ಉಬ್ಬುವ ಅಪಾಯವಿದೆ. "ನಾನಂತೂ ಮಾಡಲ್ಲ" ಅಂದರು. ಬಂದ ಗಿರಾಕಿಯನ್ನು ವಾಪಸ್ ಕಳಿಸುವ ಡಾಕ್ಟರ್ ಮೇಲೆ ನಂಬಿಕೆ ಜಾಸ್ತಿಯೇ ಆಗುತ್ತದೆ, ಅಲ್ವಾ?

ಬದಲಿಗೆ ಐಸಿಎಲ್ ಇದೆ. ಕಾರ್ನಿಯಾ ಕರಗಿಸದೆ ಕಣ್ಣೊಳಗೇ ಒಂದು ಲೆನ್ಸ್ ಕೂರಿಸುತ್ತಾರೆ, ಬೇಕಾದರೆ ತೆಗೆಯಲೂಬಹುದು. ಖರ್ಚು ಲೇಸಿಕ್‌ಗಿಂತ ಜಾಸ್ತಿ. ಯಾವುದನ್ನು ಮಾಡಿಸಿದರೂ ನಲವತ್ತು ದಾಟಿದ ಮೇಲೆ ಓದಲು ಕನ್ನಡಕ ಬೇಕಾಗಬಹುದು ಎಂದೂ ತಿಳಿಯಿತು. ಸದ್ಯಕ್ಕೆ ತೆಳು ಗಾಜಿನ ಹೊಸ ಕನ್ನಡಕಕ್ಕೆ ಆರ್ಡರ್ ಕೊಟ್ಟಿದ್ದೇನೆ. ಐಸಿಎಲ್ ಮಾಡಿಸಿಕೊಂಡವರು ಯಾರಾದರೂ ಇದ್ದರೆ, ರಾತ್ರಿ ಗಾಡಿ ಓಡಿಸುವಾಗ ಹೇಗಿರುತ್ತದೆ ಹೇಳಿ.