ಹಳೇ ಕಾರಿನ ಕ್ರೂಸ್ ಕಂಟ್ರೋಲ್: ಮೊದಲು ಏರಿನಲ್ಲಿ ಬಿಡುತ್ತಿತ್ತು, ಈಗ ಹಿಡಿಯುವುದೇ ಇಲ್ಲ

ಪ್ರಶ್ನೆ

ನಮಸ್ಕಾರ. 90ರ ದಶಕದ ಪೆಟ್ರೋಲ್ ಕಾರು, ಮ್ಯಾನ್ಯುವಲ್ ಗೇರ್. ಕ್ರೂಸ್ ಕಂಟ್ರೋಲ್ (ಕಾಲು ಒತ್ತದೆಯೇ ಸೆಟ್ ಮಾಡಿದ ವೇಗ ಹಿಡಿದಿಡುವ ವ್ಯವಸ್ಥೆ) ಕಂಪನಿಯಿಂದಲೇ ಬಂದದ್ದು, ಆಮೇಲೆ ಹಾಕಿಸಿದ್ದಲ್ಲ. ಆಕ್ಸಿಲರೇಟರ್ ಕೇಬಲ್ ಇರುವ ಗಾಡಿ. ಬಾನೆಟ್ ಎತ್ತಿದರೆ ಥ್ರಾಟಲ್ (ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲು) ಪಕ್ಕದಲ್ಲಿ ರಬ್ಬರ್ ಡಯಾಫ್ರಂ, ಅಂದರೆ ಒಳಗೆ ಹೊರಗೆ ಆಡುವ ರಬ್ಬರ್ ಪದರ ಇರುವ ದುಂಡನೆಯ ಡಬ್ಬಿ, ಅದಕ್ಕೆ ಒಂದು ತೆಳು ಹೋಸ್ ಕಾಣುತ್ತದೆ.

ಮೊದಲು ಸಮ ರಸ್ತೆಯಲ್ಲಿ ಚೆನ್ನಾಗಿಯೇ ಹಿಡಿಯುತ್ತಿತ್ತು. ಉದ್ದನೆಯ ಏರು ಬಂದರೆ ವೇಗ ಮೆಲ್ಲಗೆ ಇಳಿಯುತ್ತಾ ಹೋಗಿ, ಕೊನೆಗೆ ತಾನಾಗಿ ಬಿಟ್ಟುಬಿಡುತ್ತಿತ್ತು. ಇತ್ತೀಚೆಗೆ ಸೆಟ್ ಬಟನ್ ಒತ್ತಿದರೆ ಏನೂ ಆಗುವುದಿಲ್ಲ. ಆನ್ ಮಾಡಿದರೆ ಮೀಟರಿನಲ್ಲಿ ದೀಪ ಮಾತ್ರ ಹತ್ತುತ್ತದೆ. ಗ್ಯಾರೇಜಿನಲ್ಲಿ ತೋರಿಸಿದೆ, ಕ್ರೂಸ್ ನಡೆಸುವ ಎಲೆಕ್ಟ್ರಾನಿಕ್ ಮಾಡ್ಯೂಲ್ ಹೋಗಿದೆ ಅಂದರು. ಹಳೇ ಮಾಡ್ಯೂಲ್ ಹುಡುಕಿಕೊಂಡು ಹೋಗುವ ಮೊದಲು ಮನೆಯಲ್ಲೇ ನೋಡಬಹುದಾದದ್ದು ಏನಾದರೂ ಇದೆಯಾ?

ಉತ್ತರ

ಮಾಡ್ಯೂಲ್ ಸದ್ಯಕ್ಕೆ ಬೇಡ ಸರ್. ಕ್ರೂಸ್ ಕೆಟ್ಟಾಗ ಎಲ್ಲರೂ ಮೊದಲು ಬೈಯುವುದು ಅದನ್ನೇ, ನಿಜವಾಗಿ ಕೆಡುವುದು ಅಪರೂಪ. ಇನ್ನೊಂದು ವಿಷಯ, ನೀವು ಬರೆದಿರುವುದು ಎರಡು ಬೇರೆ ಬೇರೆ ತೊಂದರೆ. ಏರಿನಲ್ಲಿ ಬಿಡುತ್ತಿದ್ದದ್ದು ಗಾಳಿಯ ಕಡೆಯದು. ಈಗ ಹಿಡಿಯದೇ ಇರುವುದು ಬಹುಶಃ ಕರೆಂಟಿನ ಕಡೆಯದು. ಎರಡನ್ನೂ ಒಂದೇ ಅಂದುಕೊಂಡು ಹುಡುಕಿದರೆ ತಲೆ ಕೆಡುತ್ತದೆ.

ಹಳೇ ಕ್ರೂಸ್ ಯಾವಾಗ, ಹೇಗೆ ಬಿಡುತ್ತದೆ ಅನ್ನುವುದೇ ಅರ್ಧ ಉತ್ತರ. ಹಳ್ಳ ಹಾರಿದಾಗ ಬಿಟ್ಟರೆ ಪೆಡಲ್ ಸ್ವಿಚ್ ಲೂಸ್. ಸ್ಟೇರಿಂಗ್ ತಿರುಗಿಸಿದಾಗ ಬಿಟ್ಟರೆ ಸ್ಟೇರಿಂಗ್ ಒಳಗೆ ಸುರುಳಿ ಸುತ್ತಿಕೊಂಡಿರುವ, ಕ್ಲಾಕ್ ಸ್ಪ್ರಿಂಗ್ ಅನ್ನುವ ವೈರು. ಅದರ ಜೊತೆ ಹಾರ್ನೂ ಸತ್ತಿದ್ದರೆ ಅನುಮಾನವೇ ಬೇಡ. ಸ್ಪೀಡೋಮೀಟರ್ ಮುಳ್ಳು ನಡುಗುತ್ತಿದ್ದರೆ ಸ್ಪೀಡ್ ಸೆನ್ಸರ್ ಅಥವಾ ಅದರ ವೈರು. ಏರಿನಲ್ಲಿ ಮಾತ್ರ ಬಿಟ್ಟರೆ ವ್ಯಾಕ್ಯೂಮ್, ಅಂದರೆ ಎಂಜಿನ್ ಗಾಳಿ ಹೀರುವ ಎಳೆತ.

ಹಾಗಾಗಿ ಮೊದಲು ಇಷ್ಟು ಹೇಳಿ. ಬ್ರೇಕ್ ಒತ್ತಿದರೆ ಹಿಂದಿನ ದೀಪಗಳೆಲ್ಲ ಹತ್ತುತ್ತವಾ, ಬಿಟ್ಟಾಗ ಪೂರ್ತಿ ಆರುತ್ತವಾ? ಹಾರ್ನ್ ಸರಿ ಇದೆಯಾ? ಹಿಡಿಯುವುದು ನಿಲ್ಲುವುದಕ್ಕೆ ಸ್ವಲ್ಪ ಮುಂಚೆ ಗಾಡಿಯಲ್ಲಿ ಏನಾದರೂ ಬದಲಾಯಿಸಿದ್ರಾ? ಸುಮಾರು 40 ಕಿ.ಮೀ. ವೇಗಕ್ಕಿಂತ ಕೆಳಗೆ ಇದು ಹೇಗೂ ಹಿಡಿಯುವುದಿಲ್ಲ, ಅದರ ಮೇಲೆಯೇ ಪ್ರಯತ್ನಿಸಿದ್ದೀರಿ ಅಲ್ವಾ?

ಪ್ರಶ್ನೆ ಕೇಳಿದವರು

70ರಲ್ಲಿ ಪ್ರಯತ್ನಿಸಿದ್ದು. ಹಾರ್ನ್ ಸರಿ ಇದೆ, ಮುಳ್ಳು ನಡುಗುವುದಿಲ್ಲ. ರಾತ್ರಿ ಗೋಡೆಗೆ ಬೆನ್ನು ಮಾಡಿ ನಿಲ್ಲಿಸಿ ನೋಡಿದೆ, ಬ್ರೇಕ್ ದೀಪಗಳು ಸರಿಯಾಗಿಯೇ ಹತ್ತಿ ಆರುತ್ತವೆ. ಬದಲಾಯಿಸಿದ್ದು ಅಂದರೆ ಅವೇ ಬಲ್ಬುಗಳು. ಹಿಂದಿನವು ಮಂಕಾಗಿದ್ದವು ಅಂತ ಎಲ್‌ಇಡಿ ಹಾಕಿಸಿದ್ದೇನೆ, ಮೇಲಿನ ಮೂರನೇ ದೀಪಕ್ಕೂ. ಅದಕ್ಕೂ ಕ್ರೂಸ್‌ಗೂ ಏನು ಸಂಬಂಧ?

ಉತ್ತರ

ಸಂಬಂಧ ಇದೆ, ಸಿಕ್ಕಿತು ಅಂದುಕೊಳ್ಳಿ.

ಆ ಕಾಲದ ಎಷ್ಟೋ ಗಾಡಿಗಳಲ್ಲಿ ಬ್ರೇಕ್ ದೀಪಕ್ಕೆ ಹೋಗುವ ವೈರಿನ ಒಂದು ಕವಲು ಕ್ರೂಸ್ ಮಾಡ್ಯೂಲಿಗೂ ಹೋಗುತ್ತದೆ. ಪೆಡಲ್ ಒತ್ತಿದರೆ ಆ ವೈರಿನಲ್ಲಿ 12 ವೋಲ್ಟ್ ಬರುತ್ತದೆ, ಮಾಡ್ಯೂಲ್ ಕೂಡಲೇ ಕೈಬಿಡುತ್ತದೆ. ಇದು ಎಲ್ಲರಿಗೂ ಗೊತ್ತು. ಪೆಡಲ್ ಬಿಟ್ಟಿರುವಾಗಲೂ ಮಾಡ್ಯೂಲ್ ಅದೇ ವೈರನ್ನು ನೋಡುತ್ತಲೇ ಇರುತ್ತದೆ, ಅದು ಹಲವರಿಗೆ ಗೊತ್ತಿಲ್ಲ. ಹಳೇ ಬಲ್ಬಿನ ಫಿಲಮೆಂಟ್ ತಣ್ಣಗಿರುವಾಗ ಒಂದು ಓಮ್ ಆಸುಪಾಸು ಮಾತ್ರ ಇರುತ್ತದೆ. ಅಂದರೆ ಬಲ್ಬಿನ ಮೂಲಕ ಆ ವೈರು ನೆಟ್ಟಗೆ ಅರ್ಥ್ ಆಗಿರುತ್ತದೆ. ಮಾಡ್ಯೂಲ್‌ಗೆ ಆ ಅರ್ಥ್ ಕಂಡರೆ ವೈರು ಗಟ್ಟಿಯಾಗಿದೆ, ಬ್ರೇಕ್ ಒತ್ತಿಲ್ಲ ಅಂತ ಭರವಸೆ. ಎಲ್‌ಇಡಿ ಹಾಕಿದರೆ ಆ ದಾರಿ ಮುಚ್ಚಿಹೋಗುತ್ತದೆ. ವೈರು ತುಂಡಾಗಿದೆ ಅಂದುಕೊಂಡು ಮಾಡ್ಯೂಲ್ ಸುಮ್ನೆ ಕೂರುತ್ತದೆ. ಎಲ್ಲ ಬಲ್ಬು ಒಟ್ಟಿಗೆ ಸುಟ್ಟುಹೋದರೂ ಹೀಗೇ ಆಗುತ್ತದೆ. ಸುರಕ್ಷತೆಗೆ ಅಂತಲೇ ಹಾಗೆ ಮಾಡಿಟ್ಟಿದ್ದಾರೆ, ದೋಷ ಅಲ್ಲ.

ನೋಡುವುದು ಸುಲಭ. ಹಿಂದಿನ ಎರಡೂ ಕಡೆ ಹಳೇ ಮಾದರಿಯ 21 ವಾಟ್ ಬಲ್ಬ್ ಹಾಕಿ ಒಮ್ಮೆ ಓಡಿಸಿ. ಹಿಡಿದರೆ ಅಲ್ಲಿಗೆ ಮುಗಿಯಿತು. ಎಲ್‌ಇಡಿಯೇ ಬೇಕು ಅಂದರೆ ಹಳೇ ಬಲ್ಬಿನ ಹಾಗೆ ಕರೆಂಟಿಗೆ ದಾರಿ ಕೊಡುವ ಲೋಡ್ ರೆಸಿಸ್ಟರ್ ಹಾಕಬಹುದು, ಆದರೆ ಅದು ಚೆನ್ನಾಗಿ ಬಿಸಿಯಾಗುತ್ತದೆ, ಪ್ಲಾಸ್ಟಿಕ್‌ಗೆ ತಾಗಿಸಿ ಕಟ್ಟಬಾರದು. ನನ್ನನ್ನು ಕೇಳಿದರೆ ಹಳೇ ಬಲ್ಬೇ ವಾಸಿ.

ಇನ್ನೊಬ್ಬರು

ಅವರು ಹೇಳಿದ್ದು ಸರಿ. ಪೆಡಲ್ ಹತ್ತಿರವೂ ಒಮ್ಮೆ ಬಗ್ಗಿ ನೋಡಿ ಸರ್. ಟಾರ್ಚ್ ಹಿಡಿದು ಬ್ರೇಕ್ ಮತ್ತು ಕ್ಲಚ್ ಪೆಡಲ್‌ಗಳ ಮೇಲ್ತುದಿಗೆ ಬೆಳಕು ಬಿಡಿ. ಸ್ವಿಚ್ಚಿನ ಮೂತಿ ಪೆಡಲ್ ತೋಳಿಗೆ ಮುಟ್ಟುವ ಜಾಗದಲ್ಲಿ ಬಟನ್ ಗಾತ್ರದ ಒಂದು ರಬ್ಬರ್ ಅಥವಾ ಪ್ಲಾಸ್ಟಿಕ್ ತುಂಡು ಇರುತ್ತದೆ. ವಯಸ್ಸಾದ ಗಾಡಿಯಲ್ಲಿ ಅದು ಹಪ್ಪಳದ ಹಾಗೆ ಪುಡಿಯಾಗುತ್ತದೆ. ಕಾಲಡಿಯ ಮ್ಯಾಟ್ ಮೇಲೆ ಬಣ್ಣಗೆಟ್ಟ ಚೂರುಗಳು ಬಿದ್ದಿದ್ದರೆ ಅದೇ ಅಂತ ತಿಳಿಯಿರಿ. ಬ್ರೇಕ್ ಪೆಡಲಿನದು ಹೋದರೆ ದೀಪ ಆರುವುದೇ ಇಲ್ಲ, ಬೆಳಗಾಗುವಷ್ಟರಲ್ಲಿ ಬ್ಯಾಟರಿ ಕೂರುತ್ತದೆ. ಕ್ಲಚ್ಚಿನದು ಹೋದರೆ ದೀಪದ ಸುಳಿವೂ ಇರುವುದಿಲ್ಲ, ಕ್ರೂಸ್ ಮಾತ್ರ ಸದ್ದಿಲ್ಲದೆ ನಿಲ್ಲುತ್ತದೆ. ನಿಮ್ಮದು ಮ್ಯಾನ್ಯುವಲ್ ಗೇರ್ ಅಂದದ್ದಕ್ಕೆ ಇದನ್ನು ಬರೆದೆ.

ಪರೀಕ್ಷೆ ಮಾಡುವುದಕ್ಕೆ ಅಂತ ಬ್ರೇಕ್ ಸ್ವಿಚ್ಚಿನ ವೈರುಗಳನ್ನು ಮಾತ್ರ ಯಾರೂ ಒಂದಕ್ಕೊಂದು ಜೋಡಿಸಬೇಡಿ. ಅಂಥ ಸಲಹೆ ಕೊಡುವವರು ಇದ್ದಾರೆ. ಬ್ರೇಕ್ ಒತ್ತಿದರೂ ಬಿಡದ ಕ್ರೂಸ್ ಯಾರಿಗೂ ಬೇಡ.

ಮತ್ತೆ ಫೋರ್ಡ್ ಇಟ್ಟುಕೊಂಡವರಿಗೆ ಒಂದು ಮಾತು. ಅವರ ಹಲವು ಹಳೇ ಮಾದರಿಗಳಲ್ಲಿ ಕ್ರೂಸ್ ಬಿಡಿಸುವ ಇನ್ನೊಂದು ಸ್ವಿಚ್ ಬ್ರೇಕ್ ಆಯಿಲಿನ ಒತ್ತಡದಿಂದ ನಡೆಯುತ್ತದೆ. ಅದರೊಳಗೆ ಆಯಿಲ್ ಸೋರಿ, ನಿಲ್ಲಿಸಿದ ಗಾಡಿಗೂ ಬೆಂಕಿ ಹೊತ್ತಿಕೊಂಡ ಪ್ರಕರಣಗಳಿವೆ. 2009ರ ಹೊತ್ತಿಗೆ ಅಮೆರಿಕದಲ್ಲಿ ಈ ಒಂದೇ ಕಾರಣಕ್ಕೆ ಸುಮಾರು 1.4 ಕೋಟಿ ಗಾಡಿಗಳಿಗೆ ರೀಕಾಲ್ ಆಗಿತ್ತು, ಅಂದರೆ ಸರಿಪಡಿಸುವುದಕ್ಕೆ ಕಂಪನಿಯೇ ವಾಪಸ್ ಕರೆಸಿತ್ತು. ಆ ಸ್ವಿಚ್ಚಿನ ಸುತ್ತ ಒದ್ದೆ ಕಂಡರೆ ಮೊದಲು ಅದರ ಕನೆಕ್ಟರ್ ಕಿತ್ತಿಡಿ, ಕ್ರೂಸ್ ಆಮೇಲೆ.

ಪ್ರಶ್ನೆ ಕೇಳಿದವರು

ಹಳೇ ಬಲ್ಬ್ ಹಾಕಿದೆ, ಸೆಟ್ ಒತ್ತಿದ ತಕ್ಷಣ ಹಿಡಿಯಿತು! ತುಂಬಾ ಥ್ಯಾಂಕ್ಸ್. ಪೆಡಲ್ ತುಂಡುಗಳು ಎರಡೂ ಗಟ್ಟಿ ಇವೆ. ಏರಿನಲ್ಲಿ ಬಿಡುವುದು ಮಾತ್ರ ಹಾಗೇ ಇದೆ.

ಉತ್ತರ

ಅದು ಹಾಗೇ ಇರಲೇಬೇಕು, ಅದರ ಕಾರಣ ಬೇರೆ. ಈಗ ಅದಕ್ಕೆ ಬರೋಣ.

ನಿಮ್ಮ ಗಾಡಿಯ ಡಯಾಫ್ರಂ ಎಳೆಯುವುದು ಎಂಜಿನ್ ಮ್ಯಾನಿಫೋಲ್ಡಿನ (ಥ್ರಾಟಲ್ ದಾಟಿ ಗಾಳಿ ಒಳಗೆ ಹೋಗುವ ಕೊಳವೆ) ವ್ಯಾಕ್ಯೂಮ್. ಸುಮ್ನೆ ಐಡಲಿನಲ್ಲಿ ನಿಂತಾಗ ಅದು ಜಾಸ್ತಿ, ಆರೋಗ್ಯವಾಗಿರುವ ಪೆಟ್ರೋಲ್ ಎಂಜಿನ್ನಿನಲ್ಲಿ ಗೇಜ್ ಹಾಕಿದರೆ ಪಾದರಸದ 17ರಿಂದ 21 ಇಂಚು ತೋರಿಸುತ್ತದೆ. ಥ್ರಾಟಲ್ ತೆರೆದಷ್ಟೂ ಅದು ಇಳಿಯುತ್ತದೆ, ಪೂರ್ತಿ ತೆರೆದರೆ ಹೆಚ್ಚುಕಡಿಮೆ ಸೊನ್ನೆ. ಏರಿನಲ್ಲಿ ಆಗುವುದೇ ಇದು. ಡಯಾಫ್ರಂ ಜಾಸ್ತಿ ಎಳೆಯಬೇಕಾದ ಹೊತ್ತಿಗೇ ಎಳೆಯುವ ಶಕ್ತಿ ಕಡಿಮೆ. ಅದಕ್ಕೇ ಒಂದು ವ್ಯಾಕ್ಯೂಮ್ ಡಬ್ಬಿ ಮತ್ತು ಗಾಳಿಯನ್ನು ಒಂದೇ ಕಡೆಗೆ ಬಿಡುವ ಚೆಕ್ ವಾಲ್ವ್ ಕೊಟ್ಟಿರುತ್ತಾರೆ. ಸಮ ರಸ್ತೆಯಲ್ಲಿ ಕೂಡಿಟ್ಟದ್ದು ಏರಿನಲ್ಲಿ ಖರ್ಚಿಗೆ. ಚೆಕ್ ವಾಲ್ವ್ ಸೋರಿದರೆ ಕೂಡಿಟ್ಟದ್ದೆಲ್ಲ ವಾಪಸ್ ಮ್ಯಾನಿಫೋಲ್ಡಿಗೆ ಹೋಗುತ್ತದೆ. ವೇಗ ಇಳಿಯುತ್ತಾ ಹೋಗಿ, ಸೆಟ್ ಮಾಡಿದ್ದಕ್ಕಿಂತ ತುಂಬಾ ಕೆಳಗೆ ಬಂದಾಗ ಮಾಡ್ಯೂಲೇ ಬಿಟ್ಟುಬಿಡುತ್ತದೆ. ನೀವು ಮೊದಲ ಸಾಲುಗಳಲ್ಲಿ ಬರೆದದ್ದು ಅಕ್ಷರಶಃ ಇದೇ.

ಎಂಜಿನ್ ತಣ್ಣಗಿರುವಾಗ ಚೆಕ್ ವಾಲ್ವ್ ಬಿಚ್ಚಿ. ಬೆರಳುದ್ದದ ಪ್ಲಾಸ್ಟಿಕ್ ತುಂಡು, ಹೋಸಿನ ನಡುವೆ ಇರುತ್ತದೆ. ಯಾವ ಕಡೆ ಯಾವುದಿತ್ತು ಅಂತ ಗುರುತು ಹಾಕಿಕೊಳ್ಳಿ. ಒರೆಸಿ ಬಾಯಿಂದ ಊದಿ. ಒಂದು ಕಡೆಯಿಂದ ಗಾಳಿ ಸಲೀಸಾಗಿ ಹೋಗಬೇಕು, ಇನ್ನೊಂದು ಕಡೆಯಿಂದ ಒಂದಿಷ್ಟೂ ಹೋಗಬಾರದು. ಸ್ವಲ್ಪವೇ ಹೋಗುತ್ತದೆ ಅನ್ನುವುದೂ ಕೆಟ್ಟಂತೆಯೇ.

ಆಮೇಲೆ ಡಯಾಫ್ರಂ. ಅದರ ಹೋಸ್ ಕಿತ್ತು, ಡಯಾಫ್ರಂ ಅನ್ನು ಕೈಯಿಂದ ಒಳಗೆ ಒತ್ತಿ, ಹೋಸ್ ಕೂರುವ ಮೂತಿಯನ್ನು ಬೆರಳಿನಿಂದ ಬಿಗಿಯಾಗಿ ಮುಚ್ಚಿ ಕೈ ಬಿಡಿ. ಅಲ್ಲೇ ನಿಂತರೆ ಸರಿ, ಮೆಲ್ಲಗೆ ಹೊರಗೆ ಬಂದರೆ ರಬ್ಬರ್ ಹರಿದಿದೆ. ನಿಮ್ಮದಕ್ಕೆ ಒಂದೇ ಹೋಸ್ ಇರುವುದರಿಂದ ಈ ಪರೀಕ್ಷೆ ನಡೆಯುತ್ತದೆ. ಡಬ್ಬಿಯ ಮೇಲೇ ಕರೆಂಟಿನಿಂದ ತೆರೆದು ಮುಚ್ಚುವ ಸಾಲೆನಾಯ್ಡ್ ವಾಲ್ವ್‌ಗಳು ಇರುವ ಗಾಡಿಗಳಲ್ಲಿ ಕರೆಂಟ್ ಇಲ್ಲದಾಗ ಗಾಳಿಯ ದಾರಿ ತೆರೆದೇ ಇರುತ್ತದೆ, ಅಲ್ಲಿ ಹೀಗೆ ನೋಡಿದರೆ ಒಳ್ಳೆಯದೂ ಕೆಟ್ಟದ್ದಾಗಿ ಕಾಣುತ್ತದೆ.

ಹೋಸುಗಳನ್ನು ಕಣ್ಣಿನಿಂದ ನೋಡಿದರೆ ಸಾಲದು, ಬಗ್ಗಿಸಿ ನೋಡಿ. ತುದಿಯಲ್ಲಿ, ಮೂತಿಗೆ ಏರಿಸಿರುವ ಜಾಗದಲ್ಲೇ ಸೀಳಿರುತ್ತದೆ. ಉದ್ದ ಸಾಕಷ್ಟಿದ್ದರೆ ಆ ತುದಿ ಕತ್ತರಿಸಿ ಮತ್ತೆ ಏರಿಸಿ. ಬ್ರೇಕ್ ಪೆಡಲ್ ಹತ್ತಿರಕ್ಕೂ ಒಂದು ಹೋಸ್ ಹೋಗಿದ್ದರೆ ಅಲ್ಲಿ ಬ್ರೇಕ್ ಒತ್ತಿದಾಗ ವ್ಯಾಕ್ಯೂಮ್ ಬಿಟ್ಟುಬಿಡುವ ಡಂಪ್ ವಾಲ್ವ್ ಇದೆ ಅಂತ ಅರ್ಥ, ಅದೂ ಸೋರಬಹುದು.

ಪ್ರಶ್ನೆ ಕೇಳಿದವರು

ಚೆಕ್ ವಾಲ್ವ್ ಎರಡೂ ಕಡೆ ಊದಿದರೂ ಗಾಳಿ ಹೋಗುತ್ತಿತ್ತು. ಹೊಸದು ಹಾಕಿ, ಸೀಳಿದ್ದ ಒಂದು ಹೋಸ್ ತುದಿ ಕತ್ತರಿಸಿದೆ. ಅದೇ ಏರಿನಲ್ಲಿ ಈಗ ಬಿಡುತ್ತಿಲ್ಲ. ಡಯಾಫ್ರಂ ಗಟ್ಟಿ ಇದೆ. ಆದರೆ ಈಗ ಸಮ ರಸ್ತೆಯಲ್ಲಿ ವೇಗ ಒಂದೇ ಸಮ ನಿಲ್ಲುತ್ತಿಲ್ಲ. ಎಳೆಯುತ್ತದೆ, ಬಿಡುತ್ತದೆ, ಮತ್ತೆ ಎಳೆಯುತ್ತದೆ.

ಉತ್ತರ

ಕ್ರೂಸ್ ಕಂಟ್ರೋಲ್ ಪೇಟೆಂಟನ್ನು 1950ರಲ್ಲಿ ಪಡೆದ ರಾಲ್ಫ್ ಟೀಟರ್‌ಗೆ ಚಿಕ್ಕಂದಿನಿಂದ ಕಣ್ಣು ಕಾಣುತ್ತಿರಲಿಲ್ಲ. ಅವರ ವಕೀಲರು ಮಾತಾಡುತ್ತಾ ಗಾಡಿಯನ್ನು ಹೀಗೇ ಎಳೆದು ಬಿಟ್ಟು ಓಡಿಸುತ್ತಿದ್ದರಂತೆ, ಆ ಕಿರಿಕಿರಿಯಿಂದಲೇ ಇದು ಹೊಳೆಯಿತು ಅಂತ ಕಥೆ ಇದೆ. ನಿಮ್ಮ ಗಾಡಿಯಲ್ಲಿ ಆ ವಕೀಲರು ಸೇರಿಕೊಂಡಿದ್ದಾರೆ.

ಡಯಾಫ್ರಂನಿಂದ ಥ್ರಾಟಲ್‌ಗೆ ಹೋಗುವ ಕೇಬಲ್ ಅಥವಾ ಸಲಾಕೆ ನೋಡಿ. ಡಯಾಫ್ರಂ ಪರೀಕ್ಷೆಗೆ ಅಂತ ಬಿಚ್ಚಿದಾಗ ಅಡ್ಜಸ್ಟ್‌ಮೆಂಟ್ ಜಾರಿರಬಹುದು. ಸಡಿಲ ಜಾಸ್ತಿ ಇದ್ದರೆ ಮೊದಲ ಎಳೆತವೆಲ್ಲ ಸಡಿಲ ತೆಗೆಯುವುದಕ್ಕೇ ಹೋಗುತ್ತದೆ, ಆಮೇಲೆ ಒಮ್ಮೆಲೇ ಥ್ರಾಟಲ್ ತೆರೆಯುತ್ತದೆ, ವೇಗ ಜಾಸ್ತಿ ಆಯಿತು ಅಂತ ಮತ್ತೆ ಬಿಡುತ್ತದೆ. ಎಂಜಿನ್ ಬಿಸಿಯಾಗಿ ಐಡಲ್ ಇಳಿದ ಮೇಲೆ ಆಫ್ ಮಾಡಿ, ಬೆರಳಿನಲ್ಲಿ ಅಲ್ಲಾಡಿಸಿದರೆ ಒಂದೆರಡು ಮಿಲಿಮೀಟರ್ ಆಟ ಉಳಿಯುವಷ್ಟು ಬಿಗಿ ಮಾಡಿ. ಪೂರ್ತಿ ಬಿಗಿ ಮಾಡಿದರೆ ಥ್ರಾಟಲ್ ಮುಚ್ಚುವುದಿಲ್ಲ, ಐಡಲ್ ಏರಿ ಕೂರುತ್ತದೆ. ಬಿಗಿ ಮಾಡಿದ ಮೇಲೆ ಥ್ರಾಟಲನ್ನು ಕೈಯಿಂದ ತೆರೆದು ಬಿಡಿ, ಟಕ್ ಅಂತ ವಾಪಸ್ ಬರಬೇಕು. ಬಂದರೆ ಮಾತ್ರ ರಸ್ತೆಗೆ ತೆಗೆದುಕೊಂಡು ಹೋಗಿ, ಖಾಲಿ ರಸ್ತೆಯಲ್ಲಿ ಮೊದಲು ಬ್ರೇಕ್‌ನಿಂದ ಬಿಡುತ್ತದಾ, ಆಮೇಲೆ ಕ್ಲಚ್‌ನಿಂದ ಬಿಡುತ್ತದಾ ಅಂತ ನೋಡಿಕೊಳ್ಳಿ.